ದಾಯ್ತಿ ಬೆಟ್ಟದ ಮೇಲೊಂದು ಆಲ್ಬೇನಿಯನ್ ಊಟ: ಕೇಬಲ್ ಕಾರ್ ಹತ್ತುವುದರಿಂದ ಬೆಟ್ಟದ ಚಹಾದವರೆಗೆ

ಆಲ್ಬೇನಿಯಾದ ರಾಜಧಾನಿ ತಿರಾನಾದಲ್ಲಿ ನಿಂತು ಪೂರ್ವಕ್ಕೆ ಮುಖ ಮಾಡಿದರೆ ಊರಿನ ಬೆನ್ನಿಗೆ ಗೋಡೆಯಂತೆ ಎದ್ದು ಕಾಣುವ ಬೆಟ್ಟವೇ ದಾಯ್ತಿ. ಅದರ ತುದಿ 1,613 ಮೀಟರ್ ಎತ್ತರದಲ್ಲಿದೆ. ಊಟದ ಮನೆಗಳಿರುವುದು ಅದಕ್ಕಿಂತ ಕೆಳಗೆ, ಸುಮಾರು 1,050 ಮೀಟರ್ ಎತ್ತರದ ಸಮತಟ್ಟು ಜಾಗದ ಆಸುಪಾಸಿನಲ್ಲಿ. ತಿರಾನಾದ ಕುಟುಂಬಗಳು ರಜೆಯ ದಿನ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳವರೆಗೆ ಎಲ್ಲರನ್ನೂ ಕರೆದುಕೊಂಡು ಮಧ್ಯಾಹ್ನದ ಊಟಕ್ಕೆಂದೇ ಇಲ್ಲಿಗೆ ಬರುತ್ತವೆ. ಹೊರದೇಶದಿಂದ ಬಂದವರಲ್ಲಿ ಹೆಚ್ಚಿನವರು ಬೆಟ್ಟದ ನೋಟಕ್ಕಾಗಿ ಮೇಲೆ ಹತ್ತಿ, ಸಿಕ್ಕ ಮೇಜಿಗೆ ಕುಳಿತು, ತಮಗೆ ಗೊತ್ತಿರುವ ಪಾಸ್ತಾ ಅಥವಾ ಪಿಜ್ಜಾ ತರಿಸಿಕೊಂಡು, ಅರ್ಧ ಗಂಟೆಯಲ್ಲಿ ಇಳಿದುಬಿಡುತ್ತಾರೆ. ಹಾಗೆ ಮಾಡಿದರೆ ಕಣ್ಣಿಗೆ ಹಬ್ಬವಾಗಬಹುದು, ಆದರೆ ಆ ಬೆಟ್ಟದ ಊಟ ಎಂತಹುದೆಂದು ತಿಳಿಯುವುದಿಲ್ಲ.

ಈ ಮಾರ್ಗದರ್ಶಿಯಲ್ಲಿ ನಾನು ಮತ್ತೆ ಮತ್ತೆ ಹೇಳುವುದು ಒಂದೇ ಮಾತು: ಇಲ್ಲಿನ ಸಾಂಪ್ರದಾಯಿಕ ಅಡುಗೆ ನಿಧಾನವಾದದ್ದು, ಮಣ್ಣಿನ ಪಾತ್ರೆ ಮತ್ತು ಕೆಂಡದ ಲೆಕ್ಕಕ್ಕೆ ಸೇರಿದ್ದು; ಆದ್ದರಿಂದ ದಿನದ ಯೋಜನೆಯನ್ನು ನೋಟದ ಸುತ್ತ ಅಲ್ಲ, ಒಲೆಯ ಸುತ್ತ ಹೆಣೆಯಬೇಕು. ಹಾಗೆ ಹೆಣೆದರೆ ನೋಟ ತಾನಾಗಿ ದಕ್ಕುತ್ತದೆ.

ಮೊದಲ ಹೆಜ್ಜೆ: ದಿನ ಮತ್ತು ಹೊತ್ತನ್ನು ಗೊತ್ತುಮಾಡಿಕೊಳ್ಳುವುದು

ಮೇಲೆ ಹೋಗುವ ಕೇಬಲ್ ಕಾರ್ ಸಾಮಾನ್ಯವಾಗಿ ಮಂಗಳವಾರ ನಿರ್ವಹಣೆಗಾಗಿ ನಿಂತಿರುತ್ತದೆ. ಜೋರು ಗಾಳಿ ಅಥವಾ ಗುಡುಗುಮಳೆ ಇದ್ದಾಗಲೂ ನಿಲ್ಲಿಸುತ್ತಾರೆ. ಆದ್ದರಿಂದ ಹೊರಡುವ ದಿನ ಬೆಳಿಗ್ಗೆ, ಉಳಿದುಕೊಂಡಿರುವ ಹೋಟೆಲಿನವರಿಂದ ಒಂದು ಫೋನ್ ಮಾಡಿಸಿ ವಿಚಾರಿಸಿಕೊಳ್ಳುವುದು ಒಳ್ಳೆಯದು. ಅದೇ ಕರೆಯಲ್ಲಿ ಕೊನೆಯ ಕ್ಯಾಬಿನ್ ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂಬುದನ್ನೂ ಕೇಳಿ ಬರೆದಿಟ್ಟುಕೊಳ್ಳಿ, ಏಕೆಂದರೆ ಚಳಿಗಾಲದ ಮತ್ತು ಬೇಸಿಗೆಯ ವೇಳೆಗಳು ಬೇರೆ ಬೇರೆ.

ಭಾನುವಾರ ಹೋಗಬೇಕೋ ವಾರದ ನಡುವೆ ಹೋಗಬೇಕೋ ಎಂಬುದು ನಿಮಗೆ ಏನು ಬೇಕು ಎಂಬುದರ ಮೇಲೆ ನಿಂತಿದೆ. ಭಾನುವಾರ ಜನಸಂದಣಿ ಇರುತ್ತದೆ, ಮೇಜು ಮೊದಲೇ ಕಾದಿರಿಸದಿದ್ದರೆ ಕಾಯಬೇಕಾಗುತ್ತದೆ. ಆದರೆ ಗಿರಾಕಿ ಖಚಿತವೆಂದು ಗೊತ್ತಿರುವುದರಿಂದ ಕುರಿಮರಿಯನ್ನು ಇಡಿಯಾಗಿ ಕಂಬಿಗೆ ಏರಿಸಿ ಸುಡುವುದು, ದೊಡ್ಡ ತಟ್ಟೆಗಳಲ್ಲಿ ಕಡುಬಿನಂಥವನ್ನು ಬೇಯಿಸುವುದು ಆ ದಿನವೇ ಹೆಚ್ಚು. ವಾರದ ನಡುವೆ ಮೇಜು ಸುಲಭವಾಗಿ ಸಿಗುತ್ತದೆ, ಅಡುಗೆಯವರಿಗೆ ಮಾತನಾಡಲು ಪುರುಸೊತ್ತಿರುತ್ತದೆ, ಆದರೆ ಪಟ್ಟಿಯಲ್ಲಿರುವುದೆಲ್ಲ ಸಿಗುವುದಿಲ್ಲ. ಮಾಂಸಾಹಾರಿಗಳು ಭಾನುವಾರವನ್ನೂ ಸಸ್ಯಾಹಾರಿಗಳು ವಾರದ ನಡುವಿನ ದಿನವನ್ನೂ ಆರಿಸಿಕೊಳ್ಳುವುದು ಮೇಲೆಂದು ನನ್ನ ಅಭಿಪ್ರಾಯ. ಕಾರಣವನ್ನು ಮುಂದೆ ಸಸ್ಯಾಹಾರದ ಭಾಗದಲ್ಲಿ ಹೇಳಿದ್ದೇನೆ. ಮಾರ್ಚ್ 14 ಆಲ್ಬೇನಿಯಾದಲ್ಲಿ ವಸಂತದ ಹಬ್ಬದ ರಜೆ. ಅಂದು ಇಡೀ ದೇಶವೇ ಹೊರಗೆ ಉಣ್ಣಲು ಹೊರಟಿರುತ್ತದೆ, ಕಾದಿರಿಸದೆ ಹೋಗಬೇಡಿ.

ಹೊತ್ತಿನ ವಿಷಯದಲ್ಲಿ ಒಂದು ಸರಳವಾದ ದಿಕ್ಕಿನ ಲೆಕ್ಕವಿದೆ. ಬೆಟ್ಟ ಊರಿನ ಪೂರ್ವಕ್ಕಿದೆ, ಊಟದ ಮನೆಗಳ ಜಗಲಿಗಳು ಪಶ್ಚಿಮಕ್ಕೆ ತೆರೆದುಕೊಂಡಿವೆ. ಮಧ್ಯಾಹ್ನಕ್ಕೆ ಮುಂಚೆ ಸೂರ್ಯ ನಿಮ್ಮ ಬೆನ್ನ ಹಿಂದಿರುತ್ತಾನೆ. ಬೆಳಕು ನೇರವಾಗಿ ತಿರಾನಾದ ಮೇಲೆ ಬೀಳುವುದರಿಂದ ಕಟ್ಟಡ, ಬೀದಿ, ಅದರಾಚೆಯ ಬಯಲು ಎಲ್ಲವೂ ಸ್ಪಷ್ಟವಾಗಿ ಕಾಣುತ್ತವೆ, ಗಾಳಿ ಶುಭ್ರವಾಗಿದ್ದರೆ ದೂರದಲ್ಲಿ ಏಡ್ರಿಯಾಟಿಕ್ ಸಮುದ್ರದ ಗೆರೆಯೂ ಕಾಣುತ್ತದೆ. ಮಧ್ಯಾಹ್ನ ಮೂರರ ನಂತರ ಬಿಸಿಲು ಮುಖಕ್ಕೆ ಹೊಡೆಯುತ್ತದೆ, ಊರು ಮಬ್ಬಿನಲ್ಲಿ ಕರಗುತ್ತದೆ. ಸಂಜೆ ಸೂರ್ಯ ಸಮುದ್ರದ ಕಡೆಗೆ ಇಳಿಯುವಾಗ ನೋಟ ಮತ್ತೆ ಚೆಲುವಾಗುತ್ತದೆ. ಹೀಗಾಗಿ ಹನ್ನೊಂದೂವರೆಯ ಹೊತ್ತಿಗೆ ಮೇಲೆ ತಲುಪಿ, ಸ್ವಲ್ಪ ಅಡ್ಡಾಡಿ, ಹನ್ನೆರಡೂವರೆಗೆ ಮೇಜಿಗೆ ಕೂರುವುದು ಎಲ್ಲ ರೀತಿಯಿಂದಲೂ ಅನುಕೂಲ. ಒಲೆಯಿಂದ ಮೊದಲ ತಟ್ಟೆಗಳು ಹೊರಬರುವುದೂ ಅದೇ ಹೊತ್ತಿಗೆ.

ಎರಡನೆಯ ಹೆಜ್ಜೆ: ಮೇಲೆ ತಲುಪುವುದು

ಕೇಬಲ್ ಕಾರಿನ ಕೆಳ ನಿಲ್ದಾಣ ಊರಿನ ಪೂರ್ವದ ಅಂಚಿನಲ್ಲಿದೆ. ನಗರದ ಬಸ್ಸು ಅದರ ಸಮೀಪದವರೆಗೆ ಹೋಗುತ್ತದೆ, ಅಲ್ಲಿಂದ ಏರುದಾರಿಯಲ್ಲಿ ಸ್ವಲ್ಪ ನಡೆಯಬೇಕು. ವಯಸ್ಸಾದವರಿದ್ದರೆ ಟ್ಯಾಕ್ಸಿಯೇ ಸರಿ. ದಾರಿಯಲ್ಲೇ ಬಂಕ್ ಆರ್ಟ್ ಎಂಬ ವಸ್ತುಸಂಗ್ರಹಾಲಯವಿದೆ. ಕಮ್ಯುನಿಸ್ಟ್ ಆಡಳಿತಗಾರ ಎನ್ವರ್ ಹೋಜಾ ಅಣುಯುದ್ಧದ ಭಯದಿಂದ 1970ರ ದಶಕದಲ್ಲಿ ಕಟ್ಟಿಸಿದ ನೆಲದಡಿಯ ಆಶ್ರಯತಾಣವನ್ನು 2014ರಲ್ಲಿ ಸಾರ್ವಜನಿಕರಿಗೆ ತೆರೆದರು. ಅದನ್ನು ನೋಡುವ ಆಸೆಯಿದ್ದರೆ ಬೆಳಿಗ್ಗೆ ಬೇಗ ನೋಡಿ ಮುಗಿಸಿ. ಊಟದ ನಂತರ ಆ ತಣ್ಣನೆಯ ಕತ್ತಲ ಕೋಣೆಗಳಿಗೆ ಇಳಿಯಲು ಮನಸ್ಸು ಬರುವುದಿಲ್ಲ.

2005ರಲ್ಲಿ ಶುರುವಾದ ಈ ಕೇಬಲ್ ಕಾರ್ ಸುಮಾರು 4.7 ಕಿಲೋಮೀಟರ್ ಉದ್ದವಿದೆ, ಮೇಲೆ ತಲುಪಲು ಹದಿನೈದು ನಿಮಿಷ ಬೇಕು. ಕೆಳಗೆ ಮೊದಲು ಮನೆಗಳು, ಕಾಯಿಪಲ್ಲೆಯ ತುಂಡು ಹೊಲಗಳು, ಆಮೇಲೆ ಕುರುಚಲು, ಕೊನೆಗೆ ದಟ್ಟ ಕಾಡು ಹಾದುಹೋಗುತ್ತದೆ. ಟಿಕೆಟನ್ನು ಹೋಗಿಬರುವುದಕ್ಕೆ ಸೇರಿಸಿ ಒಟ್ಟಿಗೇ ಕೊಳ್ಳಿ, ಇಳಿಯುವಾಗ ಮತ್ತೆ ಸರದಿಯಲ್ಲಿ ನಿಲ್ಲುವುದು ತಪ್ಪುತ್ತದೆ. ಕ್ಯಾಬಿನ್ ಒಲ್ಲದವರು ತಿರುವುಗಳ ರಸ್ತೆಯಲ್ಲಿ ಕಾರಿನಲ್ಲೂ ಬರಬಹುದು, ಆದರೆ ಕಾರು ಓಡಿಸುವವರು ಊಟದ ಜೊತೆ ಬರುವ ರಕಿ ಎಂಬ ಭಟ್ಟಿ ಮದ್ಯವನ್ನು ಮುಟ್ಟುವಂತಿಲ್ಲ. ಆಲ್ಬೇನಿಯಾದಲ್ಲಿ ಚಾಲಕರಿಗೆ ಇರುವ ಮದ್ಯದ ಮಿತಿ ಶೂನ್ಯಕ್ಕೆ ಬಹಳ ಹತ್ತಿರ.

ಊರಿಗಿಂತ ಸಾವಿರ ಮೀಟರಿನಷ್ಟು ಎತ್ತರಕ್ಕೆ ಹೋಗುವುದರಿಂದ ಆರೇಳು ಡಿಗ್ರಿ ಚಳಿ ಹೆಚ್ಚಿರುತ್ತದೆಂದು ಲೆಕ್ಕ ಹಾಕಿಕೊಂಡು ಒಂದು ಸ್ವೆಟರ್ ಕೈಯಲ್ಲಿರಲಿ. ಚಳಿಗಾಲದಲ್ಲಿ ಮೇಲೆ ಹಿಮವೂ ಬೀಳುತ್ತದೆ.

ಮೂರನೆಯ ಹೆಜ್ಜೆ: ಊಟದ ಮನೆಯನ್ನು ಆರಿಸುವುದು

ಮೇಲಿನ ನಿಲ್ದಾಣದ ಪಕ್ಕದಲ್ಲೇ 'ಬಾಲ್ಕೋನಿ ಇ ದಾಯ್ತಿತ್' ಎಂಬ ಹೆಸರುವಾಸಿ ಊಟದ ಮನೆಯಿದೆ. ಹೆಸರಿನ ಅರ್ಥ 'ದಾಯ್ತಿಯ ಬಾಲ್ಕನಿ' ಎಂದು, ಹೆಸರಿಗೆ ತಕ್ಕ ನೋಟವೂ ಅದಕ್ಕಿದೆ. ಸ್ವಲ್ಪ ನಡೆಯಲು ಸಿದ್ಧವಿದ್ದರೆ ರಸ್ತೆಯ ಉದ್ದಕ್ಕೂ ಮರಗಳ ನಡುವೆ ಚಿಕ್ಕ ಊಟದ ಮನೆಗಳು ಸಿಗುತ್ತವೆ. ಎಲ್ಲಿ ಕೂರಬೇಕೆಂದು ತೀರ್ಮಾನಿಸುವ ಮೊದಲು ನಾನು ಮೂರು ಸಂಗತಿಗಳನ್ನು ಗಮನಿಸುತ್ತೇನೆ. ಒಲೆಯಿಂದ ಕಟ್ಟಿಗೆಯ ಹೊಗೆ ಬರುತ್ತಿದೆಯೇ? ಮೇಜುಗಳಲ್ಲಿ ಮಕ್ಕಳುಮರಿಗಳೊಂದಿಗೆ ಬಂದ ಸ್ಥಳೀಯ ಕುಟುಂಬಗಳಿವೆಯೇ? ಅವರ ಮುಂದೆ ಮಣ್ಣಿನ ಪಾತ್ರೆಗಳಿವೆಯೇ? ಈ ಮೂರಕ್ಕೂ ಹೌದೆಂಬ ಉತ್ತರ ಸಿಕ್ಕರೆ, ಆಹಾರಪಟ್ಟಿ ಒಂದೇ ಪುಟದ್ದಾಗಿದ್ದರೂ ಧೈರ್ಯವಾಗಿ ಒಳಗೆ ಹೋಗಿ. ಹತ್ತು ಪುಟದ ಪಟ್ಟಿಗಿಂತ ಒಂದು ಪುಟದ ಪಟ್ಟಿ ಬೆಟ್ಟದ ಮೇಲೆ ಹೆಚ್ಚು ನಂಬಿಕೆಗೆ ಅರ್ಹ, ಏಕೆಂದರೆ ಅಲ್ಲಿ ಬರೆದಿರುವುದು ಅಂದು ಬೆಂದಿರುವುದರ ಪಟ್ಟಿಯಾಗಿರುತ್ತದೆ.

ಕುಳಿತ ಮೇಲೆ ಪಟ್ಟಿ ತೆರೆಯುವುದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: 'ಚ್ಫಾರ್ ಕೆನಿ ಗಾತಿ ಸೋತ್?' ಅಂದರೆ, ಇಂದು ಏನೇನು ಸಿದ್ಧವಾಗಿದೆ? ಉಚ್ಚಾರ ಸರಿಯಾಗದಿದ್ದರೂ ಚಿಂತೆಯಿಲ್ಲ, ಆ ಪ್ರಶ್ನೆ ಕೇಳಿದವರನ್ನು ಅಡುಗೆಮನೆಯವರು ಬೇರೆಯೇ ಆದರದಿಂದ ನೋಡುತ್ತಾರೆ. ಕೆಲವೆಡೆ ಎದ್ದು ಬನ್ನಿ ಎಂದು ಒಲೆಯ ಬಳಿಗೇ ಕರೆದುಕೊಂಡು ಹೋಗುತ್ತಾರೆ. ಕರೆದರೆ ಹೋಗಿ.

ನಾಲ್ಕನೆಯ ಹೆಜ್ಜೆ: ಏನು ತರಿಸಬೇಕು, ಎಷ್ಟು ತರಿಸಬೇಕು

ಆಲ್ಬೇನಿಯನ್ನರ ಊಟದಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಟ್ಟೆ ಎಂಬ ಲೆಕ್ಕವಿಲ್ಲ. ಎಲ್ಲವೂ ಮೇಜಿನ ನಡುವೆ ಬರುತ್ತದೆ, ಎಲ್ಲರೂ ಅದರಿಂದಲೇ ತೆಗೆದುಕೊಳ್ಳುತ್ತಾರೆ. ಬ್ರೆಡ್ಡು ಕೇಳದೆಯೇ ಬರುತ್ತದೆ, ಅದು ಊಟದ ಪಕ್ಕವಾದ್ಯವಲ್ಲ, ಆಧಾರ. ಜೋಳದ ರೊಟ್ಟಿಯಂತೆ ಅದನ್ನು ಮುರಿದು ಬಟ್ಟಲಲ್ಲಿ ಅದ್ದಿ ತಿನ್ನಬೇಕು. ಮೆಕ್ಕೆಜೋಳದ ಹಿಟ್ಟಿನ ಬ್ರೆಡ್ಡು, ಅಂದರೆ 'ಬೂಕ್ ಮಿಸ್ರಿ', ಇದೆಯೇ ಎಂದು ಕೇಳಿ, ಇದ್ದರೆ ಅದನ್ನೇ ತರಿಸಿ. ಹಳದಿ ಬಣ್ಣದ, ಒರಟು ಹರಳಿನ, ಬಿಸಿಯಿರುವಾಗಲೇ ತಿನ್ನಬೇಕಾದ ಆ ರೊಟ್ಟಿ ಬಿಳಿ ಬ್ರೆಡ್ಡಿಗಿಂತ ಈ ಊಟಕ್ಕೆ ಎಷ್ಟೋ ಪಾಲು ಚೆನ್ನಾಗಿ ಹೊಂದುತ್ತದೆ.

ಮೊದಲ ಸುತ್ತಿನಲ್ಲಿ ಫರ್ಗೆಸವನ್ನು ತಪ್ಪಿಸಬೇಡಿ. ಇದು ತಿರಾನಾದ ಸ್ವಂತ ಅಡುಗೆ, ಬೇರೆಡೆಯೂ ಸಿಗುತ್ತದಾದರೂ ಹೆಸರಿನ ಜೊತೆಗೆ ಈ ಊರಿನ ಹೆಸರನ್ನೇ ಸೇರಿಸಿ ಕರೆಯುತ್ತಾರೆ. ದಪ್ಪ ಮೆಣಸಿನಕಾಯಿಯನ್ನು ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆದು, ಟೊಮೆಟೊದೊಂದಿಗೆ ಬೆಣ್ಣೆಯಲ್ಲಿ ಬಾಡಿಸಿ, ಗ್ಯೀಝ ಎಂಬ ಉಪ್ಪು ಹುಳಿಯ ಪುಡಿಪುಡಿ ಪನೀರನ್ನು ಬೆರೆಸಿ, ಮಣ್ಣಿನ ತಟ್ಟೆಯಲ್ಲಿಟ್ಟು ಒಲೆಯೊಳಗೆ ಬೇಯಿಸುತ್ತಾರೆ. ಮೇಜಿಗೆ ಬಂದಾಗಲೂ ಅದು ಕುದಿಯುತ್ತಿರುತ್ತದೆ: ಅಂಚಿನಲ್ಲಿ ಬೆಣ್ಣೆ ಗುಳ್ಳೆಗಟ್ಟಿ ಸಿಡಿಯುತ್ತದೆ, ನಡುವೆ ಬಿಳಿ ಮತ್ತು ಕೆಂಪು ಬೆರೆತ ಮಂದವಾದ ಮೇಲ್ಮೈ ಮೆಲ್ಲಗೆ ಉಬ್ಬಿ ಇಳಿಯುತ್ತದೆ, ತಟ್ಟೆಯ ಬದಿಗೆ ಹತ್ತಿದ ಭಾಗ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮಣ್ಣು ಬಿಸಿಯನ್ನು ಬಹಳ ಹೊತ್ತು ಹಿಡಿದಿಡುವುದರಿಂದ ಐದು ನಿಮಿಷವಾದರೂ ಕಾಯಿರಿ. ಆ ಐದು ನಿಮಿಷದಲ್ಲಿ ಪನೀರು ಗಟ್ಟಿಯಾಗಿ ರೊಟ್ಟಿಗೆ ಅಂಟುವ ಹದಕ್ಕೆ ಬರುತ್ತದೆ. ಬದಿಗೆ ಹತ್ತಿದ ಕಂದು ಹೊರಪದರವನ್ನು ಕೊನೆಗೆ ಕೆರೆದು ತಿನ್ನುವುದು ನನ್ನ ಮಟ್ಟಿಗೆ ಆ ಬಟ್ಟಲಿನ ಅತ್ಯುತ್ತಮ ಭಾಗ. ಯಕೃತ್ತಿನ ಅಥವಾ ಕರುವಿನ ಮಾಂಸದ ಚೂರುಗಳನ್ನು ಹಾಕಿದ ಫರ್ಗೆಸವೂ ಇದೆ, ತರಿಸುವಾಗ ಯಾವುದೆಂದು ಸ್ಪಷ್ಟವಾಗಿ ಹೇಳಬೇಕು.

ತಾವ ಕೋಸಿ ಆಲ್ಬೇನಿಯಾದ ರಾಷ್ಟ್ರೀಯ ಖಾದ್ಯವೆಂದೇ ಹೆಸರಾದದ್ದು. ಮಧ್ಯ ಆಲ್ಬೇನಿಯಾದ ಎಲ್ಬಸಾನ್ ಪಟ್ಟಣ ಇದರ ತವರು. ತುರ್ಕಿಯಲ್ಲಿ ಇದನ್ನು ಇಂದಿಗೂ ಎಲ್ಬಸಾನ್ ತವಾ ಎಂದೇ ಕರೆಯುತ್ತಾರೆ. ಕುರಿಮರಿಯ ಮಾಂಸವನ್ನು ಬೆಣ್ಣೆ ಬೆಳ್ಳುಳ್ಳಿಯೊಂದಿಗೆ ಮೊದಲು ಬೇಯಿಸಿ, ಒಂದು ಹಿಡಿ ಅಕ್ಕಿ ಹಾಕಿ, ಮೇಲೆ ಮೊಸರು, ಮೊಟ್ಟೆ ಮತ್ತು ಹಿಟ್ಟನ್ನು ಕಲಸಿದ ದಪ್ಪ ಮಿಶ್ರಣವನ್ನು ಸುರಿದು, ಮೇಲ್ಮೈ ಹೊಂಬಣ್ಣಕ್ಕೆ ಬರುವವರೆಗೆ ಒಲೆಯಲ್ಲಿಡುತ್ತಾರೆ. ಮೊಸರನ್ನು ಹಾಗೆಯೇ ಕಾಯಿಸಿದರೆ ಒಡೆಯುತ್ತದೆ ಎಂಬುದು ಮಜ್ಜಿಗೆಹುಳಿ ಮಾಡುವ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಾವು ರುಬ್ಬಿದ ಕಡಲೆಬೇಳೆಯಿಂದ ಮಾಡುವ ಕೆಲಸವನ್ನೇ ಅಲ್ಲಿ ಹಿಟ್ಟು ಮತ್ತು ಮೊಟ್ಟೆ ಮಾಡುತ್ತವೆ. ಚೆನ್ನಾಗಿ ಬೆಂದ ತಾವ ಕೋಸಿಯ ಮೇಲ್ಪದರ ಮೆತ್ತಗೆ ಉಬ್ಬಿರುತ್ತದೆ, ಚಮಚ ಇಳಿಸಿದಾಗ ನೀರು ಬೇರ್ಪಡುವುದಿಲ್ಲ. ನೀರೊಡೆದು ಬದಿಗೆ ನಿಂತಿದ್ದರೆ ಅದು ಬೆಳಿಗ್ಗೆ ಮಾಡಿಟ್ಟು ಮತ್ತೆ ಬಿಸಿ ಮಾಡಿದ್ದಿರಬಹುದು. ಕಂಡುಹಿಡಿಯಲು ಇಷ್ಟು ಸಾಕು.

ಕಂಬಿಯಲ್ಲಿ ಅಥವಾ ಕೆಂಡದ ಮೇಲೆ ಸುಟ್ಟ ಕುರಿಮರಿಯ ಮಾಂಸವನ್ನು ಬಹುತೇಕ ಕಡೆ ಕಿಲೋ ಲೆಕ್ಕದಲ್ಲಿ ಕೊಡುತ್ತಾರೆ. ಪಟ್ಟಿಯಲ್ಲಿ ನಮೂದಿಸಿರುವ ಬೆಲೆ ಒಂದು ಕಿಲೋಗೆ ಇರಬಹುದು, ಒಂದು ತಟ್ಟೆಗೆ ಅಲ್ಲ. ಇದನ್ನು ಗಮನಿಸದೆ ನಾಲ್ವರು ನಾಲ್ಕು ಎಂದು ಹೇಳಿ, ಪರ್ವತದಷ್ಟು ಮಾಂಸ ಮೇಜಿಗೆ ಬಂದು ಬಿಲ್ಲು ನೋಡಿ ಕಂಗಾಲಾದ ಪ್ರವಾಸಿಗರನ್ನು ನಾನು ಪಕ್ಕದ ಮೇಜಿನಲ್ಲೇ ನೋಡಿದ್ದೇನೆ. ಮೂಳೆಯ ತೂಕವೂ ಸೇರಿರುವುದರಿಂದ, ಬೇರೆ ತಿಂಡಿಗಳೂ ಇದ್ದರೆ, ನಾಲ್ವರಿಗೆ ಒಂದು ಕಿಲೋ ಸಾಕು. ಈ ಮಾಂಸಕ್ಕೆ ಉಪ್ಪು ಮತ್ತು ಹೊಗೆ ಬಿಟ್ಟರೆ ಹೆಚ್ಚಿನ ಮಸಾಲೆ ಇರುವುದಿಲ್ಲ. ಖಾರಕ್ಕೆ ಒಗ್ಗಿದ ನಮ್ಮ ನಾಲಿಗೆಗೆ ಮೊದಲ ತುತ್ತು ಸಪ್ಪೆ ಎನಿಸಬಹುದು, ಆದರೆ ಬೆಟ್ಟದ ಹುಲ್ಲು ಮೇಯ್ದ ಮರಿಯ ಮಾಂಸದ ರುಚಿಯನ್ನು ಮುಚ್ಚಬಾರದೆಂಬುದೇ ಅವರ ಉದ್ದೇಶ. ಚೀಲದಿಂದ ಮೆಣಸಿನಪುಡಿ ತೆಗೆಯುವ ಮೊದಲು ಮೂರು ತುತ್ತು ತಾಳ್ಮೆಯಿಂದ ತಿಂದು ನೋಡಿ. ಖಾರ ಬೇಕೇ ಬೇಕೆಂದರೆ ಅವರದೇ ಉಪ್ಪಿನಕಾಯಿ 'ತುರ್ಶಿ' ಕೇಳಿ. ಮೆಣಸಿನಕಾಯಿ, ಎಲೆಕೋಸು, ಹಸಿ ಟೊಮೆಟೊಗಳನ್ನು ಉಪ್ಪುನೀರಲ್ಲಿ ಹುಳಿಸಿದ ಅದು ಕೊಬ್ಬಿನ ಮಾಂಸಕ್ಕೆ ಒಳ್ಳೆಯ ಜೊತೆ.

ಉಳಿದವುಗಳ ಬಗ್ಗೆ ಚುಟುಕಾಗಿ ಹೇಳಿಬಿಡುತ್ತೇನೆ. ಬ್ಯುರೆಕ್ ಎಂಬುದು ಕಾಗದದಷ್ಟು ತೆಳುವಾದ ಹಾಳೆಗಳ ನಡುವೆ ಪಾಲಕ್, ಪನೀರು, ಕುಂಬಳ ಅಥವಾ ಮಾಂಸ ತುಂಬಿ ದುಂಡು ತಟ್ಟೆಯಲ್ಲಿ ಬೇಯಿಸಿದ್ದು. ಬೀದಿ ಅಂಗಡಿಗಳಲ್ಲಿ ಬೆಳಗಿನ ತಿಂಡಿಯಾಗಿ ಸಿಗುವ ಬ್ಯುರೆಕ್‌ಗೂ ಕೆಂಡದಲ್ಲಿ ಬೆಂದದ್ದಕ್ಕೂ ಹೋಲಿಕೆಯೇ ಇಲ್ಲ. ಯಪ್ರಾಕ್ ದ್ರಾಕ್ಷಿ ಎಲೆಯಲ್ಲಿ ಅಕ್ಕಿ ಸುತ್ತಿ ಬೇಯಿಸಿದ್ದು. ಕರುಳು ಸುತ್ತಿ ಸುಟ್ಟ ಕುಕುರೆಟ್ಸ್ ಧೈರ್ಯವಿದ್ದವರಿಗೆ. ಕೊನೆಗೆ ಸಿಹಿಯಾಗಿ ಜೇನು ಸುರಿದ ಗಟ್ಟಿ ಮೊಸರು ಇದ್ದರೆ, ಬಕ್ಲಾವಾ ಮತ್ತು ಹಾಲಲ್ಲಿ ನೆನೆಸಿದ ತ್ರಿಲೆಚೆ ಎರಡನ್ನೂ ಬಿಟ್ಟು ನಾನು ಮೊಸರನ್ನೇ ಆರಿಸುತ್ತೇನೆ.

ಫ್ಲೀಯದ ಬಗ್ಗೆ ಮಾತ್ರ ಪ್ರತ್ಯೇಕವಾಗಿ ಹೇಳಬೇಕು. ಇದು ಉತ್ತರ ಆಲ್ಬೇನಿಯಾ ಮತ್ತು ಕೊಸೊವೊದ ಬೆಟ್ಟಗಳದು. ಹಿಟ್ಟು ನೀರು ಉಪ್ಪಿನ ತೆಳು ಹಿಟ್ಟನ್ನು ದೊಡ್ಡ ತಟ್ಟೆಯಲ್ಲಿ ಸೂರ್ಯನ ಕಿರಣಗಳಂತೆ ಪಟ್ಟಿಪಟ್ಟಿಯಾಗಿ ಸುರಿದು, ಮೇಲೆ ಕೆಂಡದಲ್ಲಿ ಕಾಯಿಸಿದ 'ಸಚ್' ಎಂಬ ಕಬ್ಬಿಣದ ಗುಮ್ಮಟದ ಮುಚ್ಚಳವನ್ನು ಮುಚ್ಚಿ, ಆ ಪದರ ಬೆಂದ ಮೇಲೆ ಬೆಣ್ಣೆ ಕೆನೆ ಸವರಿ, ಖಾಲಿ ಬಿಟ್ಟ ಜಾಗಗಳಲ್ಲಿ ಮುಂದಿನ ಪಟ್ಟಿಗಳನ್ನು ಸುರಿಯುತ್ತಾರೆ. ಹೀಗೆ ಪದರದ ಮೇಲೆ ಪದರ ಏರುತ್ತಾ ಹೋಗಲು ಗಂಟೆಗಟ್ಟಲೆ ಬೇಕು. ಬಿಸಿ ಮೇಲಿನಿಂದ ಮಾತ್ರ ಬರುವುದರಿಂದ ಪ್ರತಿ ಪದರಕ್ಕೂ ಮೇಲ್ಭಾಗದಲ್ಲಿ ಕಂದು ಚುಕ್ಕೆ, ಕೆಳಭಾಗದಲ್ಲಿ ನೀರುದೋಸೆಯ ಮೃದುತನ ಉಳಿಯುತ್ತದೆ. ಹೋದ ತಕ್ಷಣ ಕೇಳಿದರೆ ಯಾರೂ ಇದನ್ನು ಮಾಡಿಕೊಡಲಾರರು. ದಾಯ್ತಿಯಲ್ಲಿ ಸಿಕ್ಕೇ ಸಿಗುತ್ತದೆಂದು ಹೇಳಲಾಗದು; ಬೇಕಿದ್ದರೆ ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಬೇಕು.

ಐದನೆಯ ಹೆಜ್ಜೆ: ಸಸ್ಯಾಹಾರಿಗಳು ಗಮನಿಸಬೇಕಾದದ್ದು

ಈ ಭಾಗವನ್ನು ವಿಸ್ತಾರವಾಗಿ ಬರೆಯಲು ಕಾರಣವಿದೆ. ನನ್ನ ಜೊತೆ ಬಂದಿದ್ದ ಸಂಬಂಧಿಕರೊಬ್ಬರು ಕಟ್ಟುನಿಟ್ಟಾದ ಸಸ್ಯಾಹಾರಿ. ಬೆಟ್ಟದ ಊಟದ ಮನೆಯೊಂದರಲ್ಲಿ ಅವರಿಗಾಗಿ ಅನ್ನ ತರಿಸಿದೆವು. ಮಾಂಸದ ತುಂಡೇನೂ ಕಾಣಲಿಲ್ಲ, ಆದರೆ ಅಕ್ಕಿಯ ಮೇಲೆ ಹೊಳೆಯುತ್ತಿದ್ದ ಜಿಡ್ಡು ಬೆಣ್ಣೆಯದಲ್ಲ ಎನ್ನಿಸಿ ವಿಚಾರಿಸಿದಾಗ, ಅದನ್ನು ಮಾಂಸದ ರಸದಲ್ಲಿ ಬೇಯಿಸಿದ್ದೆಂದು ತಿಳಿಯಿತು. ಬಡಿಸಿದವರು ಮೋಸ ಮಾಡಿರಲಿಲ್ಲ. 'ಮಾಂಸ ಬೇಡ' ಎಂದರೆ ಮಾಂಸದ ತುಂಡು ಬೇಡ ಎಂದೇ ಅವರು ತಿಳಿದುಕೊಂಡಿದ್ದರು. ಅಂದಿನಿಂದ ನಾನು 'ಪಾ ಮಿಶ್', ಅಂದರೆ ಮಾಂಸವಿಲ್ಲದೆ, ಎನ್ನುವುದರ ಜೊತೆಗೆ 'ಪಾ ಲಂಗ್ ಮಿಶಿ', ಅಂದರೆ ಮಾಂಸದ ರಸವಿಲ್ಲದೆ, ಎಂಬುದನ್ನೂ ತಪ್ಪದೆ ಹೇಳುತ್ತೇನೆ. ಮೊಟ್ಟೆ ತಿನ್ನದವರು 'ಪಾ ವೆಝ' ಎಂದು ಸೇರಿಸಬೇಕು.

ಅನ್ನ, ಸೂಪು, ಹುರುಳಿಯಂತೆ ಬೇಯಿಸಿದ ಬಿಳಿ ಅವರೆಯ ಬಟ್ಟಲು, ಅಕ್ಕಿ ತುಂಬಿದ ಮೆಣಸಿನಕಾಯಿ ಮತ್ತು ಯಪ್ರಾಕ್ ಈ ಐದರ ಬಗ್ಗೆ ಪ್ರತಿ ಸಲವೂ ಕೇಳಲೇಬೇಕು, ಏಕೆಂದರೆ ಇವೆಲ್ಲ ಮಾಂಸ ಇದ್ದೂ ಇಲ್ಲದೆಯೂ ಮಾಡುವಂಥವು. ಇಷ್ಟೆಲ್ಲ ಮಾತಿಗೆ ಬಿಡುವಿರುವುದು ವಾರದ ನಡುವೆ ಮಾತ್ರ, ಆದ್ದರಿಂದಲೇ ಸಸ್ಯಾಹಾರಿಗಳಿಗೆ ಆ ದಿನಗಳು ಒಳ್ಳೆಯದೆಂದು ಮೇಲೆ ಹೇಳಿದ್ದು. ನಿರಾತಂಕವಾಗಿ ತರಿಸಬಹುದಾದವು ಹಳ್ಳಿಯ ಸಲಾಡ್, ಕೆಂಡದಲ್ಲಿ ಸುಟ್ಟ ಬದನೆ ಮತ್ತು ಮೆಣಸಿನಕಾಯಿ, ಮಾಂಸವಿಲ್ಲದ ಫರ್ಗೆಸ, ಬೂಕ್ ಮಿಸ್ರಿ, ತುರ್ಶಿ, ಮೊಸರಿಗೆ ಸೌತೆಕಾಯಿ ಬೆಳ್ಳುಳ್ಳಿ ಹಾಕಿದ ತರಾತೋರ್. ಇದು ನಮ್ಮ ಸೌತೆಕಾಯಿ ಮೊಸರುಬಜ್ಜಿಯ ಹತ್ತಿರದ ಬಂಧು. ಪಾಲಕ್ ಬ್ಯುರೆಕ್‌ನಲ್ಲಿ ಕೆಲವರು ಮೊಟ್ಟೆ ಹಾಕುತ್ತಾರೆ. ಇನ್ನೊಂದು ಸೂಕ್ಷ್ಮ: ಸಾಂಪ್ರದಾಯಿಕ ಬಿಳಿ ಚೀಸನ್ನು ಗಟ್ಟಿಯಾಗಿಸಲು ಕರುವಿನ ಅಥವಾ ಕುರಿಮರಿಯ ಜಠರದಿಂದ ತೆಗೆದ ರೆನ್ನೆಟ್ ಬಳಸುವುದು ವಾಡಿಕೆ. ಅದನ್ನು ವರ್ಜ್ಯವೆಂದು ಭಾವಿಸುವವರು ಚೀಸಿನಿಂದ ದೂರವಿರುವುದೇ ಸುರಕ್ಷಿತ.

ಆರನೆಯ ಹೆಜ್ಜೆ: ಕುಡಿಯುವುದು

ಊಟಕ್ಕೆ ಮೊದಲು ಚಿಕ್ಕ ಗಾಜಿನ ಲೋಟದಲ್ಲಿ ರಕಿ ಬರಬಹುದು. ದ್ರಾಕ್ಷಿಯದು ಸಾಮಾನ್ಯ, ಹಿಪ್ಪುನೇರಳೆ ಹಣ್ಣಿನದು ಮತ್ತು ಪ್ಲಮ್ ಹಣ್ಣಿನದೂ ಇದೆ. ಇದು ಬಹಳ ಗಡಸು ಭಟ್ಟಿ ಮದ್ಯ, ಮನೆಯಲ್ಲಿ ಇಳಿಸಿದ್ದಂತೂ ಇನ್ನೂ ಗಡಸು. ಗಟಗಟ ಕುಡಿಯುವುದು ಅಲ್ಲಿಯವರ ಪದ್ಧತಿಯಲ್ಲ. ಚೀಸು, ಆಲಿವ್, ತುರ್ಶಿಗಳನ್ನು ಮೆಲ್ಲುತ್ತಾ ಒಂದು ಲೋಟವನ್ನು ಅರ್ಧ ಗಂಟೆ ಗುಟುಕರಿಸುತ್ತಾರೆ. ಲೋಟ ಎತ್ತುವಾಗ ಎದುರಿನವರ ಕಣ್ಣು ನೋಡಿ 'ಗಝೂವಾರ್' ಎನ್ನಬೇಕು. ಕುಡಿಯದವರು ಎದೆಯ ಮೇಲೆ ಕೈಯಿಟ್ಟು 'ಫಾಲೆಮಿಂದೆರಿತ್', ಅಂದರೆ ಧನ್ಯವಾದ, ಎಂದರೆ ಸಾಕು. ಮುಸ್ಲಿಮರು ಹೆಚ್ಚಿರುವ ದೇಶವಾದ್ದರಿಂದ ಕುಡಿಯದವರೂ ಅಲ್ಲಿ ಬೇಕಾದಷ್ಟು ಜನರಿದ್ದಾರೆ, ಯಾರೂ ಒತ್ತಾಯಿಸುವುದಿಲ್ಲ.

ಕುಡಿಯದವರಿಗೆ, ನಿಜಕ್ಕೂ ಎಲ್ಲರಿಗೂ, ನಾನು ಹೇಳುವ ಪಾನೀಯ ದಾಲ್. ಹೆಸರು ಕೇಳಿ ಬೇಳೆಯೆಂದು ತಿಳಿಯಬೇಡಿ. ಅದು ಮೊಸರು, ನೀರು, ಉಪ್ಪು ಸೇರಿಸಿ ಕಡೆದ ಮಜ್ಜಿಗೆ. ಒಗ್ಗರಣೆ, ಶುಂಠಿ, ಕೊತ್ತಂಬರಿ ಯಾವುದೂ ಇಲ್ಲದ, ನಮ್ಮದಕ್ಕಿಂತ ಸ್ವಲ್ಪ ಮಂದವಾದ ಮಜ್ಜಿಗೆ. ಕೊಬ್ಬಿನ ಮಾಂಸ ಮತ್ತು ಬ್ಯುರೆಕ್ ಜೊತೆ ಅದೇ ಅಲ್ಲಿನ ವಾಡಿಕೆ, ಮತ್ತು ಬೆಟ್ಟದ ಮೇಲೆ ಮನೆಯ ನೆನಪು ತರಿಸುವ ರುಚಿಯೂ ಅದೇ.

ಏಳನೆಯ ಹೆಜ್ಜೆ: ಮೇಜಿನ ನಡವಳಿಕೆ

ಆಲ್ಬೇನಿಯನ್ನರು ಅತಿಥಿಸತ್ಕಾರವನ್ನು 'ಬೂಕ್, ಕ್ರೀಪ್ ಎ ಝೆಮರ್' ಎಂಬ ಮಾತಿನಲ್ಲಿ ಹೇಳುತ್ತಾರೆ: ರೊಟ್ಟಿ, ಉಪ್ಪು ಮತ್ತು ಹೃದಯ. ಉತ್ತರದ ಬೆಟ್ಟಗಳ ಹಳೆಯ ಕಟ್ಟಳೆಯಾದ ಕಾನೂನ್ ಪ್ರಕಾರ ಆಲ್ಬೇನಿಯನ್ನನ ಮನೆ ದೇವರದು ಮತ್ತು ಅತಿಥಿಯದು. ಆ ಭಾವನೆ ಇಂದಿಗೂ ಊಟದ ಮನೆಗಳಲ್ಲಿ ಉಳಿದಿದೆ. ಕೇಳದೆಯೇ ಒಂದು ತಟ್ಟೆ ಹಣ್ಣು ಅಥವಾ ಒಂದು ಲೋಟ ರಕಿ ಮೇಜಿಗೆ ಬಂದರೆ ಅದು ಮನೆಯ ಕಾಣಿಕೆಯಾಗಿರುವುದು ಹೆಚ್ಚು. ಸಂದೇಹವಿದ್ದರೆ ನಗುತ್ತಾ ಕೇಳಿಬಿಡಿ, ತಪ್ಪಿಲ್ಲ. ಭಾರತದಿಂದ ಬಂದವರೆಂದು ತಿಳಿದರೆ ಮಾತು ಬೇಗ ಮದರ್ ತೆರೇಸಾ ಅವರ ಕಡೆಗೆ ತಿರುಗುತ್ತದೆ. 1910ರಲ್ಲಿ ಸ್ಕೋಪ್ಯೆ ನಗರದಲ್ಲಿ ಆಲ್ಬೇನಿಯನ್ ಮನೆತನದಲ್ಲಿ ಹುಟ್ಟಿದ ಅವರ ಹೆಸರನ್ನೇ ತಿರಾನಾದ ವಿಮಾನ ನಿಲ್ದಾಣಕ್ಕೆ ಇಟ್ಟಿದ್ದಾರೆ.

ತಲೆಯಾಡಿಸುವುದರಲ್ಲಿ ಮಾತ್ರ ಎಚ್ಚರ. ಅಲ್ಲಿನ ಹಳಬರು ಹೌದು ಎನ್ನಲು ತಲೆಯನ್ನು ಅಡ್ಡಡ್ಡ ಆಡಿಸುತ್ತಾರೆ, ಇಲ್ಲ ಎನ್ನಲು ಮೇಲಕ್ಕೆ ಎತ್ತುತ್ತಾರೆ. ಹೊಸ ತಲೆಮಾರಿನವರು ಎರಡನ್ನೂ ಬೆರೆಸುತ್ತಾರೆ. ನಮ್ಮದೇ ತಲೆಯಾಟ ಅದರ ಜೊತೆ ಸೇರಿಕೊಂಡರೆ ಏನು ತರಿಸಿದ್ದೇವೆ ಎಂಬುದು ಯಾರಿಗೂ ತಿಳಿಯದು. ಆದ್ದರಿಂದ ಬಾಯಲ್ಲೇ ಹೇಳಿ: ಹೌದಿಗೆ 'ಪೋ', ಇಲ್ಲಕ್ಕೆ 'ಯೋ'.

ಅಡುಗೆ ತಡವಾದರೆ ಅವಸರಪಡಿಸಬೇಡಿ. ತಾವ ಕೋಸಿಯನ್ನು ಹತ್ತು ನಿಮಿಷ ಮುಂಚೆ ತೆಗೆದರೆ ಮೇಲ್ಪದರ ಹಸಿಯಾಗಿಯೇ ಉಳಿಯುತ್ತದೆ. ಪಕ್ಕದ ಮೇಜಿನಲ್ಲಿ ಊಟ ನಡೆಯುತ್ತಿದ್ದರೆ ಹಾದುಹೋಗುವಾಗ 'ಯು ಬಫ್ತ್ ಮೀರ್' ಎನ್ನಿ. ಚೆನ್ನಾಗಿ ಊಟವಾಗಲಿ ಎಂಬ ಹಾರೈಕೆಯದು.

ಎಂಟನೆಯ ಹೆಜ್ಜೆ: ಹಣ ಕೊಡುವುದು

ಆಲ್ಬೇನಿಯಾದ ನಾಣ್ಯ ಲೆಕ್. ಬೆಟ್ಟದ ಚಿಕ್ಕ ಊಟದ ಮನೆಗಳಲ್ಲಿ ಕಾರ್ಡ್ ನಡೆಯುತ್ತದೆಂದು ನಂಬಿ ಹೋಗಬೇಡಿ. ಊರಿನಲ್ಲೇ ನಗದು ತೆಗೆದುಕೊಂಡು ಹೊರಡಿ. ಇಲ್ಲೊಂದು ವಿಚಿತ್ರವಾದರೂ ನಿಜವಾದ ಗೊಂದಲವಿದೆ. 1965ರಲ್ಲಿ ಹತ್ತು ಹಳೆಯ ಲೆಕ್‌ಗೆ ಒಂದು ಹೊಸ ಲೆಕ್ ಎಂದು ನಾಣ್ಯವನ್ನು ಬದಲಿಸಿದರು. ಅದಾಗಿ ಇಷ್ಟು ದಶಕಗಳು ಕಳೆದರೂ ಜನರು ಮಾತಿನಲ್ಲಿ ಹಳೆಯ ಲೆಕ್ಕವನ್ನೇ ಬಳಸುತ್ತಾರೆ. ಬಾಯಲ್ಲಿ 'ಹತ್ತು ಸಾವಿರ' ಎಂದದ್ದು ನೋಟಿನಲ್ಲಿ ಒಂದು ಸಾವಿರ ಆಗಿರಬಹುದು. ಆಹಾರಪಟ್ಟಿಯಲ್ಲಿ ಮತ್ತು ಬಿಲ್ಲಿನಲ್ಲಿ ಅಚ್ಚಾಗಿರುವುದು ಹೊಸ ಲೆಕ್ಕವೇ. ಆದ್ದರಿಂದ ಬಾಯಿಮಾತಿನ ಬೆಲೆಯ ಮೇಲೆ ಹಣ ಎಣಿಸದೆ, 'ಲೊಗಾರೀನ್, ಯು ಲುತೆಮ್' ಎಂದು ಬಿಲ್ಲನ್ನು ಕೇಳಿ, ಬರೆದ ಅಂಕಿಯನ್ನು ನೋಡಿ ಕೊಡಿ. ಸೇವೆ ಮೆಚ್ಚಿಗೆಯಾದರೆ ಹತ್ತನೇ ಒಂದು ಪಾಲು ಮೇಲೆ ಬಿಟ್ಟುಬರುವುದು ಸಭ್ಯತೆ, ಕಡ್ಡಾಯವಲ್ಲ. ಆಲ್ಬೇನಿಯನ್ ಸ್ನೇಹಿತರ ಜೊತೆ ಬಂದಿದ್ದರೆ ನಿಮಗೆ ಹಣ ಕೊಡಲು ಅವರು ಬಿಡುವುದಿಲ್ಲ. ಜಗಳಕ್ಕೆ ನಿಲ್ಲದೆ, ಮರುದಿನ ಕಾಫಿಗೆ ನೀವೇ ಅವರನ್ನು ಕರೆಯಿರಿ.

ದಾಯ್ತಿಯ ಬದಲು ಬೇರೆ ಬೆಟ್ಟ ಬೇಕೆಂದರೆ

ದಕ್ಷಿಣದ ಕರಾವಳಿಗೆ ಹೋಗುವವರಿಗೆ ಸಾವಿರ ಮೀಟರಿಗೂ ಮೇಲಿರುವ ಲೊಗರಾ ಕಣಿವೆದಾರಿಯಿದೆ. ಪೈನ್ ಕಾಡಿನ ಅಂಚಿನ ಊಟದ ಮನೆಗಳಲ್ಲಿ ಸುಟ್ಟ ಕುರಿಮರಿ, ಮೊಸರು, ಜೇನು ಮೂರೂ ಹೆಸರುವಾಸಿ. ಕಣಿವೆಯ ಆಚೆ ಬದಿಗೆ ಹೋದರೆ ಕೆಳಗೆ ಅಯೋನಿಯನ್ ಸಮುದ್ರ. 2024ರಲ್ಲಿ ಬೆಟ್ಟದ ಕೆಳಗಿನ ಸುರಂಗ ತೆರೆದ ಮೇಲೆ ಅವಸರದ ವಾಹನಗಳು ಅತ್ತ ಹೋಗುತ್ತವೆ. ಊಟಕ್ಕೆಂದು ಬರುವವರು ಸುರಂಗವನ್ನು ಬಿಟ್ಟು ಹಳೆಯ ರಸ್ತೆಯನ್ನೇ ಹಿಡಿಯಬೇಕು. ಫ್ಲೀಯಕ್ಕಾಗಿಯೇ ಹೋಗುವವರಿಗೆ ಉತ್ತರದ ಥೆಥ್ ಮತ್ತು ವಲ್ಬೋನಾ ಕಣಿವೆಗಳ ಅತಿಥಿಗೃಹಗಳು ಸರಿ. ಅಲ್ಲಿ ರಾತ್ರಿ ಉಳಿಯುವುದರಿಂದ ಮನೆಯವರಿಗೆ ಕೆಂಡ ಹೊತ್ತಿಸಿ ಪದರ ಸುರಿಯಲು ಸಮಯ ಸಿಗುತ್ತದೆ.

ಕೊನೆಯದಾಗಿ, ಬೆಟ್ಟದ ಚಹಾ

ಊಟ ಮುಗಿದು ಕೊನೆಯ ಕ್ಯಾಬಿನ್‌ಗೆ ಇನ್ನೂ ಹೊತ್ತಿದ್ದರೆ 'ಚಾಯ್ ಮಾಲಿ' ತರಿಸಿ. ಇದು ಚಹಾ ಎಲೆಯಲ್ಲ. ಬೆಟ್ಟದ ಕಲ್ಲುನೆಲದಲ್ಲಿ ಬೆಳೆಯುವ, ಬೂದುಹಸಿರು ಕಾಂಡಕ್ಕೆ ತಿಳಿಹಳದಿ ಹೂ ಬಿಡುವ ಗಿಡ. ಹೂವು ಸಮೇತ ಒಣಗಿಸಿದ ಅದರ ಕಂತೆಗಳನ್ನು ರಸ್ತೆಬದಿಯಲ್ಲೂ ಮಾರುತ್ತಾರೆ. ಕೊಳ್ಳುವಾಗ ಕಾಂಡವನ್ನು ಬೆರಳಲ್ಲಿ ಮುರಿದು ನೋಡಿ: ಚಟ್ ಎಂದು ಮುರಿದು ಪರಿಮಳ ಬಂದರೆ ಚೆನ್ನಾಗಿ ಒಣಗಿದೆ, ಬಳುಕಿದರೆ ತೇವ ಉಳಿದಿದೆ, ಚೀಲದೊಳಗೆ ಬೂಷ್ಟು ಹಿಡಿಯುತ್ತದೆ. ಕೋಣೆಗೆ ಮರಳಿ ಮಾಡಿಕೊಳ್ಳುವುದೂ ಸುಲಭ. ಇಬ್ಬರಿಗೆ ನಾಲ್ಕೈದು ಕಾಂಡಗಳನ್ನು ಮುರಿದು ತಣ್ಣೀರಿಗೆ ಹಾಕಿ, ಕುದಿ ಬಂದ ಮೇಲೆ ಐದಾರು ನಿಮಿಷ ಸಣ್ಣ ಉರಿಯಲ್ಲಿಟ್ಟು, ಇಳಿಸಿ, ನೀರು ಹೊನ್ನಿನ ಬಣ್ಣಕ್ಕೆ ತಿರುಗುವವರೆಗೆ ಮುಚ್ಚಿಡಿ. ಹಾಲು ಹಾಕಬಾರದು. ಲೋಟಕ್ಕೆ ಸೋಸಿ, ತುಟಿಗೆ ಹಿಡಿಸುವಷ್ಟು ಆರಿದ ಮೇಲೆ ಒಂದು ಚಮಚ ಜೇನು ಬೆರೆಸಿ ಕುಡಿಯಿರಿ.